ಸೋಯಾ ಬೇರಿನಲ್ಲಿ ಕಟ್ಟುವ ಲೋಹಗೊಂಚಲು

ಹುಕ್ಕೇರಿ ಕಡೆ ಮುಂಗಾರಿಗೆ ಬಿತ್ತಿದ ಸೋಯಾಬೀನ್ ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಬೇರು ಹರಿಯದಂತೆ ಸಲಿಕೆಯಿಂದ ಎತ್ತಿ, ಮಣ್ಣು ತೊಳೆದು ನೋಡಬೇಕು. ಬೇರಿನ ಮೈಗೆ ಕೆಲವೇ ಮಿಲಿಮೀಟರ್ ಗಾತ್ರದ ದುಂಡನೆಯ ಗಂಟುಗಳು ಅಂಟಿಕೊಂಡಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಂಟಿನ ತಿರುಳು ಕೆಂಪಗಿದ್ದರೆ ಬೆಳೆಗೆ ಗಾಳಿಯ ಸಾರಜನಕ ಸಿಗುತ್ತಿದೆ ಎಂದರ್ಥ. ಬೆಳ್ಳಗೋ ಹಸಿರಾಗೋ ಇದ್ದರೆ ಅಲ್ಲಿ ಕೆಲಸ ನಡೆದಿಲ್ಲ. ಈ ಸುಲಭ ಪರೀಕ್ಷೆಯನ್ನು ಬಹಳ ಮಂದಿ ರೈತರು ಬಲ್ಲರು. ಗಂಟಿನೊಳಗೆ ಆ ಕೆಲಸ ಮಾಡುವುದು ಏಳು ಕಬ್ಬಿಣ, ಒಂದು ಮಾಲಿಬ್ಡಿನಮ್, ಒಂಬತ್ತು ಗಂಧಕ, ಒಂದು ಇಂಗಾಲ, ಹೀಗೆ ಹದಿನೆಂಟು ಪರಮಾಣುಗಳು ಸೇರಿದ ಒಂದು ಗೊಂಚಲು. ನಿರವಯವ ರಸಾಯನಶಾಸ್ತ್ರದಲ್ಲಿ ಇದು ಲೋಹಗೊಂಚಲು ಸಂಯುಕ್ತ, ಅಂದರೆ ಮೆಟಲ್ ಕ್ಲಸ್ಟರ್. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸೋಯಾ, ಕಡಲೆ ಹೊಲಗಳಲ್ಲಿ ಪ್ರತಿ ಹಂಗಾಮಿಗೂ ಲೆಕ್ಕವಿಲ್ಲದಷ್ಟು ಕಟ್ಟಿಕೊಳ್ಳುವ ಈ ಗೊಂಚಲನ್ನು ಜೀವಿಯ ನೆರವಿಲ್ಲದೆ ಪೂರ್ತಿಯಾಗಿ ಫ್ಲಾಸ್ಕಿನಲ್ಲಿ ಕಟ್ಟಲು ಜಗತ್ತಿನ ಯಾವ ಪ್ರಯೋಗಾಲಯಕ್ಕೂ ಇನ್ನೂ ಆಗಿಲ್ಲ.

ರಸಾಯನಶಾಸ್ತ್ರ ಎಂದರೆ ಎಲ್ಲೋ ದೂರದ ಊರಿನ ಗಾಜಿನ ಕೋಣೆಯಲ್ಲಿ ನಡೆಯುವ ಸಂಗತಿ ಎಂದು ನಮ್ಮ ಮಕ್ಕಳು ತಿಳಿದಿರುವುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಈ ವಿಷಯದ ತೀರ ಕಠಿಣವಾದ ಪ್ರಶ್ನೆಗಳಲ್ಲೊಂದು ಅವರ ಹೊಲದ ಬದುವಿನ ಒಳಗೇ ಇದೆ.

ಲೋಹದ ಪರಮಾಣುಗಳು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಸಿಗುತ್ತವೆ. ಕಬ್ಬಿಣದ ಸಲಾಕೆಯಲ್ಲಿ ಕೋಟಿ ಕೋಟಿ ಪರಮಾಣುಗಳು ಒತ್ತಾಗಿ ಕೂತಿರುತ್ತವೆ. ಅನ್ನಭೇದಿಯನ್ನು ನೀರಿಗೆ ಹಾಕಿದರೆ ಒಂದೊಂದೇ ಕಬ್ಬಿಣದ ಅಯಾನು ಬಿಡಿಬಿಡಿಯಾಗಿ ತೇಲುತ್ತದೆ. ಇವೆರಡರ ನಡುವೆ ಮೂರು, ನಾಲ್ಕು, ಎಂಟು, ಕೆಲವೊಮ್ಮೆ ನೂರಕ್ಕೂ ಮಿಕ್ಕಿ ಲೋಹದ ಪರಮಾಣುಗಳು ಒಂದು ಖಚಿತ ಆಕಾರದಲ್ಲಿ ಕೂಡಿ, ಸುತ್ತ ಬೇರೆ ಅಣುಗಳ ಹೊದಿಕೆ ಹೊದ್ದು ನಿಲ್ಲುವ ಲೋಕವೊಂದಿದೆ. ಅಮೆರಿಕದ ಎಫ್. ಆಲ್ಬರ್ಟ್ ಕಾಟನ್ 1960ರ ದಶಕದ ಮೊದಲ ಅರ್ಧದಲ್ಲಿ ರೇನಿಯಂ ಲೋಹದ ಸಂಯುಕ್ತಗಳನ್ನು ಅಧ್ಯಯನ ಮಾಡುತ್ತ, ಲೋಹದ ಪರಮಾಣುಗಳು ತಮ್ಮ ತಮ್ಮಲ್ಲೇ ನೇರವಾಗಿ ಬಂಧ ಬೆಸೆದುಕೊಂಡಿರುವ ಇಂಥ ಗುಂಪುಗಳನ್ನು ಕ್ಲಸ್ಟರ್ ಎಂದು ಕರೆದರು. ಕಬ್ಬಿಣ-ಗಂಧಕದ ಗೊಂಚಲುಗಳಲ್ಲಿ ಲೋಹಗಳನ್ನು ಬೆಸೆಯುವ ಹೊಣೆಯ ಬಹುಭಾಗ ಗಂಧಕದ್ದು. ಆದ್ದರಿಂದ ಕಾಟನ್ ಅವರ ಬಿಗಿ ಅರ್ಥವನ್ನು ಸ್ವಲ್ಪ ಸಡಿಲಿಸಿ ಇವನ್ನೂ ಆ ಬಳಗಕ್ಕೆ ಸೇರಿಸಿಕೊಳ್ಳಲಾಗಿದೆ.

ಸಾರಜನಕಕ್ಕೆ ಇಂಥದ್ದೊಂದು ಗೊಂಚಲೇ ಏಕೆ ಬೇಕು? ಗಾಳಿಯ ನೂರರಲ್ಲಿ 78 ಪಾಲು ಸಾರಜನಕ. ಆದರೆ ಅದರ ಎರಡು ಪರಮಾಣುಗಳು ಮೂರೆಳೆಯ ಬಂಧದಲ್ಲಿ ಬಿಗಿದುಕೊಂಡಿವೆ. ಒಂದು ಮೋಲ್ ಸಾರಜನಕದ ಬಂಧ ಮುರಿಯಲು ಸುಮಾರು 945 ಕಿಲೋಜೂಲ್ ಶಕ್ತಿ ಬೇಕು. ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ಇದನ್ನು ಹೈಡ್ರೋಜನ್ ಜೊತೆ ಸೇರಿಸಿ ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ಹಿಗ್ಗಿಸಿದರು. 1913ರಲ್ಲಿ ಓಪ್ಪಾವ್‌ನಲ್ಲಿ ಉತ್ಪಾದನೆ ಶುರುವಾಯಿತು. 400ರಿಂದ 500 ಡಿಗ್ರಿ ಸೆಲ್ಸಿಯಸ್ ಕಾವು, ವಾತಾವರಣದ ನೂರಾರು ಪಟ್ಟು ಒತ್ತಡ, ಕಬ್ಬಿಣದ ವೇಗವರ್ಧಕ. ನಮ್ಮ ಸೊಸೈಟಿಗಳಿಗೆ ಬರುವ ಪ್ರತಿ ಯೂರಿಯಾ ಚೀಲದ ಬೇರು ಅಲ್ಲಿದೆ. ಬೇರುಗಂಟಿನ ಬ್ಯಾಕ್ಟೀರಿಯಾ ಇದೇ ಕೆಲಸವನ್ನು ಆಷಾಢದ ಮಣ್ಣಿನ ತಂಪಿನಲ್ಲಿ, ಸಹಜ ಒತ್ತಡದಲ್ಲಿ ಮುಗಿಸುತ್ತದೆ. ಅದೇನೂ ಬಿಟ್ಟಿ ಕೆಲಸವಲ್ಲ. ಒಂದು ಸಾರಜನಕದ ಅಣು ಎರಡು ಅಮೋನಿಯಾ ಆಗಲು ಜೀವಕೋಶದ ಶಕ್ತಿನಾಣ್ಯವಾದ ಎಟಿಪಿ ಕನಿಷ್ಠ 16 ಖರ್ಚಾಗುತ್ತವೆ. ಆ ಖರ್ಚನ್ನು ಗಿಡ ತನ್ನ ಎಲೆಯಲ್ಲಿ ಮಾಡಿದ ಸಕ್ಕರೆಯಿಂದ ತುಂಬಿಕೊಡುತ್ತದೆ.

ಸಾರಜನಕವನ್ನು ಮಣಿಸಲು ಅದಕ್ಕೆ ಎಲೆಕ್ಟ್ರಾನುಗಳನ್ನು ಒಂದರ ಹಿಂದೊಂದು ಉಣಿಸಬೇಕು. ಈ ಕೆಲಸ ಮಾಡುವ ಬ್ಯಾಕ್ಟೀರಿಯಾದ ಕಿಣ್ವದ ಹೆಸರು ನೈಟ್ರೋಜಿನೇಸ್. ಇದರಲ್ಲಿ ಎರಡು ಪ್ರೋಟೀನುಗಳು, ಮೂರು ಬಗೆಯ ಗೊಂಚಲುಗಳು. ಚಿಕ್ಕ ಪ್ರೋಟೀನಿನಲ್ಲಿ ನಾಲ್ಕು ಕಬ್ಬಿಣ, ನಾಲ್ಕು ಗಂಧಕದ ಘನಾಕೃತಿಯ ಗೊಂಚಲಿದೆ. ಅಲ್ಲಿಂದ ಎಲೆಕ್ಟ್ರಾನು ದೊಡ್ಡ ಪ್ರೋಟೀನಿನ ಎಂಟು ಕಬ್ಬಿಣ, ಏಳು ಗಂಧಕದ ಗೊಂಚಲಿಗೆ ಹೋಗಿ, ಕೊನೆಗೆ ಮಾಲಿಬ್ಡಿನಮ್ ಇರುವ ಆ ಹದಿನೆಂಟರ ಗೊಂಚಲನ್ನು ಮುಟ್ಟುತ್ತದೆ. ಸಾರಜನಕ ಬಂದು ಕೂರುವುದಕ್ಕೆ ಮೊದಲೇ ಅಲ್ಲಿ ಮೂರೋ ನಾಲ್ಕೋ ಎಲೆಕ್ಟ್ರಾನುಗಳು ಕೂಡಿರಬೇಕು. ಒಂದೇ ಕಬ್ಬಿಣದ ಪರಮಾಣುವಿನ ಮೇಲೆ ಅಷ್ಟನ್ನೂ ಹೇರಿದರೆ ಅದು ತಾಳುವುದು ಕಷ್ಟ. ರಾಶಿಯ ದಿನ ಮುಯ್ಯಾಳುಗಳು ಹೊರೆ ಹಂಚಿಕೊಂಡಂತೆ, ಇಲ್ಲಿ ಏಳೆಂಟು ಲೋಹಗಳು ಆ ಎಲೆಕ್ಟ್ರಾನುಗಳ ಭಾರವನ್ನು ತಮ್ಮ ನಡುವೆ ಹಂಚಿಕೊಳ್ಳುತ್ತವೆ. ಒಂಟಿ ಲೋಹದಿಂದ ಈ ಕೆಲಸ ಆಗುವುದೇ ಇಲ್ಲ ಎಂದೇನಲ್ಲ. 2003ರಲ್ಲಿ ರಿಚರ್ಡ್ ಶ್ರಾಕ್ ಒಂದೇ ಮಾಲಿಬ್ಡಿನಮ್ ಇರುವ ಸಂಯುಕ್ತದಿಂದ, 2013ರಲ್ಲಿ ಜೋನಾಸ್ ಪೀಟರ್ಸ್ ಒಂದೇ ಕಬ್ಬಿಣ ಇರುವ ಸಂಯುಕ್ತದಿಂದ ಅಮೋನಿಯಾ ಪಡೆದರು. ಆದರೆ ಅವು ಕೆಲವೇ ಸುತ್ತು ತಿರುಗಿ ಸುಸ್ತಾದವು, ಪ್ರಬಲವಾದ ರಾಸಾಯನಿಕಗಳನ್ನೂ ಬೇಡಿದವು. ನನ್ನ ಮಟ್ಟಿಗೆ ಇದು ಗೊಂಚಲಿನ ಪರವಾಗಿ ದೊಡ್ಡ ಸಾಕ್ಷಿ.

ಈ ಗೊಂಚಲಿನ ರೂಪ ತಿಳಿಯಲು ಮನುಷ್ಯರಿಗೆ ಹಲವು ದಶಕಗಳೇ ಹಿಡಿದವು. ದ್ವಿದಳ ಬೆಳೆಗಳ ಗಂಟಿನಲ್ಲಿ ಬ್ಯಾಕ್ಟೀರಿಯಾ ಇದೆ ಎಂದು 1888ರ ಹೊತ್ತಿಗೇ ಗೊತ್ತಿತ್ತು. 1930ರಲ್ಲಿ ಜರ್ಮನಿಯ ಹರ್ಮನ್ ಬೋರ್ಟೆಲ್ಸ್ ಅವರು ಅಜೋಟೋಬ್ಯಾಕ್ಟರ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಸಾರಜನಕ ಹಿಡಿಯಲು ಮಾಲಿಬ್ಡಿನಮ್ ಬೇಕೇ ಬೇಕು ಎಂದು ತೋರಿಸಿದರು. ನಮ್ಮಲ್ಲಿ ಕಬ್ಬಿಗೆ ಜೀವಾಣು ಗೊಬ್ಬರವಾಗಿ ಕೊಡುವ ಅಜೋಟೋಬ್ಯಾಕ್ಟರ್ ಅದರದೇ ಕುಲ. 1977ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿನೋದ್ ಶಾ ಮತ್ತು ವಿನ್‌ಸ್ಟನ್ ಬ್ರಿಲ್ ಅವರು ನೈಟ್ರೋಜಿನೇಸಿನ ದೊಡ್ಡ ಪ್ರೋಟೀನನ್ನು ಆಮ್ಲದಿಂದ ಸಡಿಲಿಸಿ, ಎನ್-ಮಿಥೈಲ್‌ಫಾರ್ಮಮೈಡ್ ಎಂಬ ದ್ರಾವಕದಲ್ಲಿ ಈ ಗೊಂಚಲನ್ನು ಹೊರತೆಗೆದರು. ಹೊರತೆಗೆದದ್ದು ಅದೇ ಎಂದು ಸಾಬೀತು ಮಾಡಿದ ರೀತಿ ಬಲು ಚೊಕ್ಕ: ಗೊಂಚಲು ಕಟ್ಟಲು ಬಾರದ ರೂಪಾಂತರಿ ಅಜೋಟೋಬ್ಯಾಕ್ಟರಿನ ಸಾರಕ್ಕೆ ಇದನ್ನು ಬೆರೆಸಿದಾಗ ಸತ್ತಂತಿದ್ದ ಕಿಣ್ವ ಮತ್ತೆ ಕೆಲಸಕ್ಕೆ ಬಂತು. ಆಮ್ಲಜನಕ ಸೋಕಿದರೆ ಮಾತ್ರ ಎಲ್ಲ ಹಾಳು.

ಮುಂದಿನದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ. 1992ರಲ್ಲಿ ಕ್ಯಾಲ್‌ಟೆಕ್‌ನ ಜೊಂಗ್‌ಸುನ್ ಕಿಮ್ ಮತ್ತು ಡಗ್ಲಸ್ ರೀಸ್ ಅವರು ಎಕ್ಸ್-ರೇ ಸ್ಫಟಿಕಶಾಸ್ತ್ರದಿಂದ ಮೊದಲ ಬಾರಿ ಗೊಂಚಲಿನ ಆಕೃತಿ ಬಿಡಿಸಿ ತೋರಿಸಿದರು. ಒಂದು ತುದಿಗೆ ಕಬ್ಬಿಣ, ಇನ್ನೊಂದು ತುದಿಗೆ ಮಾಲಿಬ್ಡಿನಮ್, ನಡುವೆ ಆರು ಕಬ್ಬಿಣದ ಪಂಜರ. ಪಂಜರದ ಮಧ್ಯ ಖಾಲಿ! ರಸಾಯನಶಾಸ್ತ್ರಜ್ಞರಿಗೆ ಇದು ಒಪ್ಪಿಗೆಯಾಗಲಿಲ್ಲ. ನಡುವಿನ ಪ್ರತಿ ಕಬ್ಬಿಣಕ್ಕೂ ಮೂರೇ ಗಂಧಕದ ಆಸರೆ ಇತ್ತು. ಇಂಥ ಪರಿಸರದಲ್ಲಿ ಕಬ್ಬಿಣ ನಾಲ್ಕನ್ನು ಬಯಸುತ್ತದೆ. ಆದರೂ ಹತ್ತು ವರ್ಷ ಪಠ್ಯಪುಸ್ತಕಗಳು ಖಾಲಿ ಪಂಜರವನ್ನೇ ಅಚ್ಚು ಹಾಕಿದವು. 2002ರಲ್ಲಿ ಒಲಿವರ್ ಐನ್ಸ್‌ಲ, ರೀಸ್ ಮತ್ತು ಸಂಗಡಿಗರು 1.16 ಆಂಗ್‌ಸ್ಟ್ರಾಮ್ ಸ್ಪಷ್ಟತೆಯ ಚಿತ್ರ ತೆಗೆದಾಗ ಒಳಗೆ ಒಂದು ಹಗುರವಾದ ಪರಮಾಣು ಕಂಡಿತು. ಅಷ್ಟು ದಿನ ಅದು ಕಾಣದಿದ್ದುದಕ್ಕೆ ಕಾರಣವೂ ತಿಳಿಯಿತು. ಎಕ್ಸ್-ರೇ ದತ್ತಾಂಶ ಒಂದು ಮಿತಿಯಲ್ಲಿ ನಿಂತುಹೋದರೆ ಭಾರವಾದ ಪರಮಾಣುಗಳ ಸುತ್ತ ಚಿತ್ರದಲ್ಲಿ ಸುಳ್ಳು ಅಲೆಗಳು ಏಳುತ್ತವೆ. ಆರು ಕಬ್ಬಿಣಗಳೂ ನಡುವಿನ ಬಿಂದುವಿನಿಂದ ಒಂದೇ ದೂರದಲ್ಲಿ, ಸುಮಾರು 2 ಆಂಗ್‌ಸ್ಟ್ರಾಮ್‌ನಲ್ಲಿ ಇದ್ದುದರಿಂದ ಆರೂ ಅಲೆಗಳ ತಗ್ಗು ಸರಿಯಾಗಿ ಅಲ್ಲೇ ಬಿದ್ದು, ಒಳಗಿದ್ದ ಪರಮಾಣುವನ್ನು ಅಳಿಸಿಹಾಕುತ್ತಿತ್ತು. ಆಕೃತಿ ಎಷ್ಟು ಸಮವಾಗಿತ್ತೋ ಅಷ್ಟೇ ಚೆನ್ನಾಗಿ ಅದು ತನ್ನ ಗುಟ್ಟನ್ನು ಮುಚ್ಚಿಟ್ಟಿತ್ತು.

ಕಂಡದ್ದು ಯಾವ ಪರಮಾಣು? ಸಾರಜನಕವೋ, ಆಮ್ಲಜನಕವೋ, ಇಂಗಾಲವೋ? ಇದಕ್ಕೆ ಇನ್ನೂ ಒಂಬತ್ತು ವರ್ಷ ಬೇಕಾಯಿತು. ಸಾರಜನಕ ಇರಬೇಕೆಂದು ಊಹಿಸಿದವರೇ ಹೆಚ್ಚು. ಸಾರಜನಕ ಹಿಡಿಯುವ ಯಂತ್ರದ ಒಳಗೆ ಸಾರಜನಕ ಇರುವುದು ಸಹಜವಾಗಿ ಕಂಡಿತ್ತು. 2011ರಲ್ಲಿ ಎರಡು ತಂಡಗಳು ಬೇರೆ ಬೇರೆ ದಾರಿಯಲ್ಲಿ ಒಂದೇ ಉತ್ತರಕ್ಕೆ ಬಂದವು. ಫ್ರೈಬರ್ಗ್‌ನಲ್ಲಿ ಐನ್ಸ್‌ಲ ತಂಡ ಸ್ಪಷ್ಟತೆಯನ್ನು 1 ಆಂಗ್‌ಸ್ಟ್ರಾಮಿಗೆ ಒಯ್ದಿತು. ಸೆರೀನಾ ಡಿಬಿಯರ್ ತಂಡ ಕಬ್ಬಿಣದಿಂದ ಹೊಮ್ಮುವ ಎಕ್ಸ್-ರೇ ರೋಹಿತದಲ್ಲಿ ನೆರೆಯ ಪರಮಾಣುವಿನ ಗುರುತನ್ನು ಓದಿತು. ಒಳಗಿದ್ದದ್ದು ಇಂಗಾಲ, ಒಂದಕ್ಕೆ ಆರು ಕಬ್ಬಿಣಗಳನ್ನು ಹಿಡಿದ ಇಂಗಾಲ. ಇಂಗಾಲಕ್ಕೆ ನಾಲ್ಕೇ ಬಂಧ ಎಂದು ಹತ್ತನೇ ತರಗತಿಯಲ್ಲಿ ಬಾಯಿಪಾಠ ಮಾಡಿದವರಿಗೆ ಈ ಒಂದು ಪರಮಾಣುವೇ ಒಂದು ಪಾಠದಷ್ಟಿದೆ.

ಇಂಥ ಗೊಂಚಲುಗಳನ್ನು ಕಟ್ಟುವ ಕಡೆಗೆ ಬರೋಣ. ನಾಲ್ಕು ಕಬ್ಬಿಣ, ನಾಲ್ಕು ಗಂಧಕದ ಸರಳ ಘನಾಕೃತಿಯನ್ನು ರಿಚರ್ಡ್ ಹೋಮ್ ಮತ್ತು ಸಂಗಡಿಗರು 1972ರಲ್ಲೇ ಮಾಡಿದ್ದರು. ಮೆಥನಾಲಿನಲ್ಲಿ ಫೆರಿಕ್ ಕ್ಲೋರೈಡ್, ಸೋಡಿಯಂ ಹೈಡ್ರೋಸಲ್ಫೈಡ್, ಸೋಡಿಯಂ ಮೆಥಾಕ್ಸೈಡ್ ಮತ್ತು ಒಂದು ಥಯೋಲ್ ಬೆರೆಸಿದರೆ ಪರಮಾಣುಗಳು ತಾವಾಗಿ ಸರಿಯಾದ ಜಾಗಕ್ಕೆ ಬಂದು ಕೂರುತ್ತವೆ. ಪದಾರ್ಥಗಳು ಸಾಮಾನ್ಯವಾದವೇ, ಗಾಳಿ ತಗಲದಂತೆ ನೋಡಿಕೊಳ್ಳುವುದೇ ಕಷ್ಟ. ಆರ್ಗಾನ್ ಅಥವಾ ಶುದ್ಧ ಸಾರಜನಕ ಹರಿಯುವ ಗಾಜಿನ ಕೊಳವೆ ಸಾಲು, ನಿರ್ವಾತದ ಪಂಪು, ಒಳಗೆ ಕೈತೂರಿಸಿ ಕೆಲಸ ಮಾಡುವ ರಬ್ಬರ್ ತೋಳುಗಳ ಗ್ಲವ್ ಬಾಕ್ಸ್, ಮುಂಚೆಯೇ ಆಮ್ಲಜನಕ ಕಳೆದ ದ್ರಾವಕ, ಇಷ್ಟು ಇರಬೇಕು. ಸ್ವಲ್ಪ ಗಾಳಿ ನುಸುಳಿದರೂ ಕಬ್ಬಿಣ ತುಕ್ಕಿನ ಕಡೆಗೆ ತಿರುಗುತ್ತದೆ. ಮಾಡಿದ ಮೇಲೆ ಅಧ್ಯಯನ: ಸ್ಫಟಿಕ ಸಿಕ್ಕರೆ ಎಕ್ಸ್-ರೇ, ಕಬ್ಬಿಣದ ಸ್ಥಿತಿ ತಿಳಿಯಲು ಮಾಸ್‌ಬಾವರ್ ರೋಹಿತ, ಒಂಟಿ ಎಲೆಕ್ಟ್ರಾನುಗಳಿಗೆ ಇಪಿಆರ್ ಎಂಬ ರೋಹಿತ ವಿಧಾನ. ಹದಿನೆಂಟರ ಗೊಂಚಲಿಗೆ ಹತ್ತಿರದ ರೂಪಗಳನ್ನು ಹಲವರು ಕಟ್ಟಿದ್ದಾರೆ. ಮಾಲಿಬ್ಡಿನಮ್, ಒಂಬತ್ತೂ ಗಂಧಕ, ಒಡಲಿನ ಇಂಗಾಲ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿರುವ ಪೂರ್ಣ ರೂಪ ಮಾತ್ರ ಕೈಗೆ ಸಿಕ್ಕಿಲ್ಲ.

ಬ್ಯಾಕ್ಟೀರಿಯಾ ಅದನ್ನು ಒಂದೇ ಪಾತ್ರೆಯಲ್ಲಿ ಕಲಸುವುದಿಲ್ಲ, ಹಂತಹಂತವಾಗಿ ಕಟ್ಟುತ್ತದೆ. ಮೊದಲು ಎರಡು ಸಣ್ಣ ಘನಾಕೃತಿಗಳನ್ನು ನಿಫ್-ಬಿ ಎಂಬ ಪ್ರೋಟೀನಿನ ಮೇಲೆ ತಂದು, ನಡುವೆ ಒಂದು ಇಂಗಾಲವಿಟ್ಟು ಬೆಸೆಯುತ್ತದೆ. ಆ ಇಂಗಾಲ ಎಸ್-ಅಡಿನೋಸಿಲ್ ಮೆಥಿಯೋನಿನ್ ಎಂಬ ಅಣುವಿನ ಮಿಥೈಲ್ ಗುಂಪಿನಿಂದ ಬರುತ್ತದೆ ಎಂದು 2012ರಲ್ಲಿ ಕ್ಯಾಲಿಫೋರ್ನಿಯಾದ ಯಿಲಿನ್ ಹು, ಮಾರ್ಕಸ್ ರಿಬ್ಬೆ ತಂಡ ತೋರಿಸಿತು. ಆಮೇಲೆ ಇನ್ನೊಂದು ಪ್ರೋಟೀನಿನ ಮೇಲೆ ತುದಿಯ ಒಂದು ಕಬ್ಬಿಣವನ್ನು ತೆಗೆದು ಮಾಲಿಬ್ಡಿನಮ್ ಇಟ್ಟು, ಅದಕ್ಕೆ ಹೋಮೋಸಿಟ್ರೇಟ್ ಎಂಬ ಸಾವಯವ ಅಣುವನ್ನು ಅಂಟಿಸಿ, ಸಿದ್ಧವಾದ ಗೊಂಚಲನ್ನು ಕಿಣ್ವದೊಳಗೆ ಕೂರಿಸುತ್ತದೆ. ಗಂಟಿನೊಳಗೆ ಬಾಳುವ ಬಹಳಷ್ಟು ಬ್ಯಾಕ್ಟೀರಿಯಾಗಳಿಗೆ ಈ ಹೋಮೋಸಿಟ್ರೇಟನ್ನು ಮಾಡಿಕೊಳ್ಳಲು ಬಾರದು. ಲೋಟಸ್ ಜಪಾನಿಕಸ್ ಎಂಬ ದ್ವಿದಳ ಸಸ್ಯದಲ್ಲಿ 2009ರಲ್ಲಿ ಕಂಡುಬಂದಂತೆ, ಅದನ್ನು ಮಾಡಿಕೊಡುವುದು ಗಿಡವೇ. ಗೊಂಚಲಿನ ಒಂದು ಬಿಡಿಭಾಗ ಆ ಮನೆಯಿಂದ, ಉಳಿದವು ಈ ಮನೆಯಿಂದ.

ಗ್ಲವ್ ಬಾಕ್ಸ್ ಕೂಡ ಗಿಡದ ಹೊಣೆಯೇ. ಬ್ಯಾಕ್ಟೀರಿಯಾಕ್ಕೆ ಎಟಿಪಿ ಮಾಡಲು ಆಮ್ಲಜನಕ ಬೇಕು, ಅದರ ಗೊಂಚಲಿಗೆ ಆಮ್ಲಜನಕ ವಿಷ. ಈ ಇಕ್ಕಟ್ಟನ್ನು ಬಿಡಿಸುವುದು ಲೆಗ್‌ಹೀಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿ. ಅದು ಆಮ್ಲಜನಕವನ್ನು ತಾನೇ ಹಿಡಿದು ಸಾಗಿಸಿ, ಬಿಡಿಯಾಗಿ ಸುಳಿಯುವ ಆಮ್ಲಜನಕವನ್ನು ತೀರ ಕಡಿಮೆ ಮಟ್ಟದಲ್ಲಿಡುತ್ತದೆ. ಗಂಟು ಸೀಳಿದಾಗ ಕಾಣುವ ಕೆಂಪು ಇದರದು, ಗೊಂಚಲಿನದಲ್ಲ. ಎರೆಭೂಮಿಯಲ್ಲಿ ಮಳೆನೀರು ನಿಂತು ಸೋಯಾ ಹಳದಿಯಾಗುವುದಕ್ಕೂ ಇದರೊಳಗೇ ಒಂದು ಕಾರಣವಿದೆ: ನಿಂತ ನೀರು ಗಂಟಿಗೆ ಬೇಕಾದ ಅಷ್ಟಿಷ್ಟು ಆಮ್ಲಜನಕವನ್ನೂ ತಡೆಯುತ್ತದೆ, ಎಟಿಪಿ ಹುಟ್ಟುವುದಿಲ್ಲ, ಕಿಣ್ವ ಇದ್ದೂ ಸುಮ್ಮನಿರುತ್ತದೆ.

ಗೊಂಚಲಿಗೆ ಬೇಕಾದ ಮೂರು ಧಾತುಗಳು ನಮ್ಮ ಮಣ್ಣಿನಲ್ಲಿ ಹೇಗಿವೆ ಎಂಬುದು ರೈತರಿಗೆ ನೇರವಾಗಿ ಸಂಬಂಧಿಸಿದ ಮಾತು. ಮಾಲಿಬ್ಡಿನಮ್ ಬೇಕಾಗುವುದು ಹೆಕ್ಟೇರಿಗೆ ಗ್ರಾಂ ಲೆಕ್ಕದಲ್ಲಿ. ಮಳೆ ಹೆಚ್ಚಿರುವ ಪಶ್ಚಿಮದ ಕಡೆಯ ಕೆಂಪು, ಹುಳಿ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡುಗಳು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಸುಣ್ಣ ಹಾಕಿ ಹುಳಿ ಇಳಿಸಿದರೆ ಬಿಡುತ್ತವೆ. ಗೋಕಾಕ, ಮೂಡಲಗಿಯ ಎರೆಭೂಮಿಯಲ್ಲಿ, ಘಟಪ್ರಭೆಯ ಕಾಲುವೆ ನೀರು ಹರಿಯುವ ಹೊಲಗಳಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಮಣ್ಣು ಕ್ಷಾರದ ಕಡೆಗಿರುವುದರಿಂದ ಮಾಲಿಬ್ಡಿನಮ್ ಸುಲಭವಾಗಿ ಸಿಗುತ್ತದೆ, ಕಬ್ಬಿಣ ಮಾತ್ರ ಸುಣ್ಣದ ನಡುವೆ ಸಿಕ್ಕಿಬೀಳುತ್ತದೆ. ಹೊಸ ಎಲೆಗಳು ನರ ಮಾತ್ರ ಹಸಿರುಳಿದು ಬಿಳಿಚಿಕೊಂಡರೆ ಅದು ಕಬ್ಬಿಣದ ಕೊರತೆ. ಅನ್ನಭೇದಿ ಸಿಂಪಡಿಸುವುದು ಅದಕ್ಕೇ. ಕಬ್ಬಿಣ ಕಡಿಮೆಯಾದರೆ ಎಲೆಯ ಜೊತೆ ಗಂಟೂ ಸೊರಗುತ್ತದೆ, ಏಕೆಂದರೆ ಗೊಂಚಲಿಗೂ ಕೆಂಪಿನ ಲೆಗ್‌ಹೀಮೋಗ್ಲೋಬಿನ್ನಿಗೂ ಅದೇ ಕಬ್ಬಿಣ ಬೇಕು. ಗಂಧಕಕ್ಕೆ ಜಿಪ್ಸಂ ಇದೆ.

ಇನ್ನು ಯೂರಿಯಾದ ಮಾತು. ಒಂದು ಟನ್ ಸೋಯಾ ಕಾಳು ಬೆಳೆಯಲು ಬೆಳೆಗೆ ಸುಮಾರು 80 ಕೆ.ಜಿ. ಸಾರಜನಕ ಬೇಕು. 45 ಕೆ.ಜಿ.ಯ ಯೂರಿಯಾ ಚೀಲದಲ್ಲಿ ಸಾರಜನಕ 46 ಶೇಕಡಾ, ಅಂದರೆ ಹತ್ತಿರಹತ್ತಿರ 21 ಕೆ.ಜಿ. ಹೀಗೆ ನೋಡಿದರೆ ಟನ್ನಿಗೆ ನಾಲ್ಕು ಚೀಲ. ಅದರಲ್ಲಿ ಸುಮಾರು ಅರ್ಧವನ್ನು ಗಂಟುಗಳೇ ಗಾಳಿಯಿಂದ ತಂದುಕೊಡಬಲ್ಲವು. ಬಿತ್ತುವಾಗ ಕೊಡುವ ಅಲ್ಪ ಸಾರಜನಕ ಸಸಿಗೆ ಆಸರೆ. ಬೆಳೆ ಮೇಲೆದ್ದ ಬಳಿಕ ಹಸಿರು ಹೆಚ್ಚಲಿ ಎಂದು ಯೂರಿಯಾ ಚೆಲ್ಲಿದರೆ ಗಿಡ ಗಂಟಿಗೆ ಸಕ್ಕರೆ ಕಳಿಸುವುದನ್ನು ಕಡಿಮೆ ಮಾಡುತ್ತದೆ, ಹೊಸ ಗಂಟು ಕಟ್ಟುವುದು ನಿಧಾನವಾಗುತ್ತದೆ. ದುಡ್ಡು ಕೊಟ್ಟು ಬಿಟ್ಟಿ ಗೊಬ್ಬರವನ್ನು ನಿಲ್ಲಿಸಿದಂತೆ ಆಗುತ್ತದೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ಸೋಯಾ ಹಾಕಿದರೆ ಮುಂದಿನ ಬೆಳೆಗೆ ಭೂಮಿಯಲ್ಲಿ ಸಾರಜನಕ ತುಂಬಿ ತುಳುಕುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಹೆಚ್ಚಿನ ಪಾಲು ಕಾಳಿನ ಜೊತೆ ಮಾರುಕಟ್ಟೆಗೆ ಹೋಗುತ್ತದೆ.

ಸೋಯಾ ನಮ್ಮ ನೆಲದ ಮೂಲ ಬೆಳೆಯಲ್ಲ. ಅದರ ಗಂಟಿನ ಬ್ರಾಡಿರೈಜೋಬಿಯಂ ನಮ್ಮ ಕಡಲೆಯ ಬ್ಯಾಕ್ಟೀರಿಯಾಕ್ಕಿಂತ ಬೇರೆ. ಮೊದಲ ಸಲ ಸೋಯಾ ಬಿತ್ತುವ ಹೊಲದಲ್ಲಿ ಬೀಜೋಪಚಾರ ಬಿಟ್ಟರೆ ಗಂಟು ಕಟ್ಟುವುದೇ ಅನುಮಾನ. ಬೆಲ್ಲದ ಪಾಕದಲ್ಲಿ ಕಲಸಿದ ಜೀವಾಣು ಗೊಬ್ಬರವನ್ನು ಬೀಜಕ್ಕೆ ಸವರಿ ನೆರಳಲ್ಲಿ ಆರಿಸಬೇಕು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಜೀವಾಣು ಕೊನೆಗೆ. ಮಾಲಿಬ್ಡೇಟ್ ಉಪ್ಪನ್ನು ಬೀಜಕ್ಕೆ ಕೊಡುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ, ಪ್ರಮಾಣವನ್ನು ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಅರಭಾವಿಯ ಕೃಷಿ ಸಂಶೋಧನಾ ಕೇಂದ್ರದಲ್ಲೋ ಕೇಳುವುದು ಒಳ್ಳೆಯದು. ಉಪ್ಪು ಹೆಚ್ಚಾದರೆ ಬ್ಯಾಕ್ಟೀರಿಯಾವೇ ಸಾಯುತ್ತದೆ.

ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ರಸಾಯನಶಾಸ್ತ್ರ ಓದಲು ಈ ತಾಲ್ಲೂಕುಗಳಿಂದ ಹೋಗುವ ಮಕ್ಕಳಿಗೆ ಗೊಂಚಲುಗಳ ಇನ್ನೊಂದು ಮುಖವೂ ಗೊತ್ತಾಗಬೇಕು. ಕಬ್ಬಿಣ-ಗಂಧಕಕ್ಕಿಂತ ಬೇರೆಯಾದ ಬೋರಾನ್ ಮತ್ತು ಲೋಹ-ಬೋರಾನ್ ಗೊಂಚಲುಗಳಲ್ಲಿ ಎಷ್ಟು ಎಲೆಕ್ಟ್ರಾನು ಜೋಡಿ ಇದ್ದರೆ ಯಾವ ಆಕೃತಿ ನಿಲ್ಲುತ್ತದೆ ಎಂದು ಎಣಿಸಿ ಹೇಳಬಹುದು. ಒಂದೇ ಬಹುಮುಖಿಗೆ ಈ ಲೆಕ್ಕವನ್ನು 1971ರಲ್ಲಿ ಇಂಗ್ಲೆಂಡಿನ ಕೆನೆತ್ ವೇಡ್ ಕೊಟ್ಟರು. ಹಲವು ಬಹುಮುಖಿಗಳು ಒಂದಕ್ಕೊಂದು ಅಂಟಿದ ಗೊಂಚಲುಗಳಿಗೆ ಅದನ್ನು 2001ರಲ್ಲಿ ವಿಸ್ತರಿಸಿದವರು ಇ.ಡಿ. ಜೆಮ್ಮಿಸ್ ಮತ್ತು ಅವರ ವಿದ್ಯಾರ್ಥಿಗಳು. ಕೇರಳದವರಾದ ಜೆಮ್ಮಿಸ್ ಆಗ ಹೈದರಾಬಾದಿನಲ್ಲಿದ್ದರು, 2005ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಬಹುಮುಖಿಗಳ ಸಂಖ್ಯೆ, ಶೃಂಗಗಳ ಸಂಖ್ಯೆ, ಎರಡು ಬಹುಮುಖಿಗಳನ್ನು ಒಂದೇ ಶೃಂಗದಲ್ಲಿ ಬೆಸೆಯುವ ಪರಮಾಣುಗಳ ಸಂಖ್ಯೆ, ಖಾಲಿ ಬಿಟ್ಟ ಶೃಂಗಗಳ ಸಂಖ್ಯೆ, ಇವನ್ನು ಕೂಡಿದರೆ ಬೇಕಾದ ಜೋಡಿಗಳು ಸಿಗುತ್ತವೆ. ಬಿ.ಎಸ್ಸಿ. ಪಠ್ಯದ ಫೆರೋಸೀನನ್ನೇ ತೆಗೆದುಕೊಳ್ಳಿ: 2, 11, 1, 2, ಒಟ್ಟು 16. ಅದರ ಆಕೃತಿಯನ್ನು ಹಿಡಿದಿಡುವ ಜೋಡಿಗಳೂ ಅಷ್ಟೇ. ಪೆನ್ನು, ಹಾಳೆ ಇದ್ದರೆ ಗೋಕಾಕಿನ ಯಾವ ಪದವಿ ಕಾಲೇಜಿನ ಬೆಂಚಿನಲ್ಲೂ ಮಾಡಬಹುದಾದ ವಿಜ್ಞಾನ ಇದು.

ಗಂಟಿನ ಗೊಂಚಲು ಎಷ್ಟು ದುಡಿಯುತ್ತಿದೆ ಎಂದು ಅಳೆಯುವ ವಿಧಾನಕ್ಕೂ ದೊಡ್ಡ ಖರ್ಚಿಲ್ಲ. ನೈಟ್ರೋಜಿನೇಸ್ ಅಸಿಟಿಲೀನ್ ಅನಿಲವನ್ನು ಎಥಿಲೀನ್ ಆಗಿ ಬದಲಿಸುತ್ತದೆ ಎಂದು 1966ರಲ್ಲಿ ತಿಳಿಯಿತು. ತೊಳೆದ ಬೇರನ್ನು ಮುಚ್ಚಿದ ಬಾಟಲಿಯಲ್ಲಿಟ್ಟು, ಸ್ವಲ್ಪ ಅಸಿಟಿಲೀನ್ ಬಿಟ್ಟು, ಹೊತ್ತು ಕಳೆದ ಮೇಲೆ ಒಳಗಿನ ಅನಿಲವನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫಿಗೆ ಕೊಟ್ಟರೆ ಸಾಕು. ಯಂತ್ರ ಊರಲ್ಲಿ ಇಲ್ಲದಿದ್ದರೆ ಧಾರವಾಡದಲ್ಲಿದೆ. ಯೂರಿಯಾ ಹಾಕಿದ ಸಾಲು, ಹಾಕದ ಸಾಲು, ನೀರು ನಿಂತ ಮೂಲೆ, ಅನ್ನಭೇದಿ ಸಿಂಪಡಿಸಿದ ಪಟ್ಟಿ, ಪ್ರತಿಯೊಂದರಿಂದಲೂ ಹತ್ತು ಗಿಡ ತಂದು ಹೋಲಿಸುವ ಕೆಲಸವನ್ನು ಎಂ.ಎಸ್ಸಿ. ಯೋಜನೆಯಾಗಿ ಕೊಡಬೇಕೆಂದು ಅಧ್ಯಾಪಕರಲ್ಲಿ ನನ್ನ ಬೇಡಿಕೆ.

ಗೋವಿನಜೋಳಕ್ಕೆ ಗಂಟು ಇಲ್ಲ, ಕಬ್ಬಿಗೂ ಇಲ್ಲ. ನಮ್ಮ ಕಡೆ ಯೂರಿಯಾ ಹೆಚ್ಚು ನುಂಗುವ ಬೆಳೆಗಳು ಇವೇ. ಆದ್ದರಿಂದ ಈ ಗೊಂಚಲು ಕಟ್ಟುವ ವಂಶವಾಹಿಗಳನ್ನು ನೇರವಾಗಿ ಧಾನ್ಯದ ಗಿಡದೊಳಗೆ ಇಡುವ ಯತ್ನ ಹಲವು ದೇಶಗಳಲ್ಲಿ ನಡೆದಿದೆ. ಸ್ಪೇನಿನ ಲೂಯಿಸ್ ರೂಬಿಯೊ ತಂಡ 2016ರಲ್ಲಿ ನೈಟ್ರೋಜಿನೇಸಿನ ಚಿಕ್ಕ ಪ್ರೋಟೀನನ್ನು ಗಾಳಿಯಲ್ಲಿ ಬೆಳೆದ ಯೀಸ್ಟಿನ ಮೈಟೋಕಾಂಡ್ರಿಯಾದೊಳಗೆ ಕೆಲಸ ಮಾಡುವ ಸ್ಥಿತಿಯಲ್ಲಿ ಪಡೆಯಿತು. ಮೈಟೋಕಾಂಡ್ರಿಯಾವನ್ನು ಆರಿಸಿದ್ದಕ್ಕೆ ಕಾರಣ, ಅಲ್ಲಿ ಉಸಿರಾಟ ಆಮ್ಲಜನಕವನ್ನು ಬೇಗ ಬಳಸಿ ಮುಗಿಸುತ್ತದೆ, ಎಟಿಪಿ ಪಕ್ಕದಲ್ಲೇ ಇರುತ್ತದೆ, ಕಬ್ಬಿಣ-ಗಂಧಕದ ಸಣ್ಣ ಗೊಂಚಲುಗಳನ್ನು ಕಟ್ಟುವ ರೂಢಿಯೂ ಆ ಅಂಗಕ್ಕೆ ಮೊದಲಿನಿಂದ ಇದೆ. ಅಲ್ಲಿ ಸಿಕ್ಕಿದ್ದು ನಾಲ್ಕು ಕಬ್ಬಿಣದ ಸರಳ ಗೊಂಚಲು ಹೊತ್ತ ಪ್ರೋಟೀನು. ಮುಂದಿನ ಮೆಟ್ಟಿಲು ನಿಫ್-ಬಿ: ಎರಡು ಘನಾಕೃತಿಗಳ ನಡುವೆ ಆ ಒಂದು ಇಂಗಾಲವನ್ನು ಗೋವಿನಜೋಳದ ಜೀವಕೋಶದೊಳಗೆ ಬೆಸೆಯಲು ಬಂದರೆ ಮಾಲಿಬ್ಡಿನಮ್ ಕೂರಿಸುವ ಹಂತ ಉಳಿಯುತ್ತದೆ.